ಚುಕ್ಕಿಬಳಗ ಮಲಗಿದಾಗ

ನದಿಯೊಂದು ಕಡಲಿಗೆ ಸೇರುವ ಅಳಿವೆಯಲ್ಲಿ, ನೀರಿನಡಿ ಒಂದು ಕಪ್ಪು ಬಂಡೆಯಿತ್ತು. ಅದರ ಪೊಟರೆಯಲ್ಲಿ ಚುಕ್ಕಿಜೀವಿಗಳ ಬಳಗ ವಾಸವಾಗಿತ್ತು. ಒಂದೊಂದೂ ಸಾಸಿವೆಯಷ್ಟು ಪುಟ್ಟದು. ಆದರೆ ಎಲ್ಲವೂ ಒಂದಕ್ಕೊಂದು ಅಂಟಿಕೊಂಡು, ಒಂದೇ ರಕ್ತ ಹಂಚಿಕೊಂಡು, ಕಿತ್ತಳೆ ಬಣ್ಣದ ಹಾಸಿನಂತೆ ಹರಡಿದ್ದವು. ಆ ಹಾಸಿನ ಮರೆಯಲ್ಲಿ ಮಿಣುಕಿ ಎಂಬ ಸೀಗಡಿ ತನ್ನ ಮರಿಗಳನ್ನು ಸಾಕುತ್ತಿದ್ದಳು.

ಮಳೆಗಾಲ ಬಂತು. ನದಿ ಉಕ್ಕಿ ಅಳಿವೆಯ ಉಪ್ಪುನೀರೆಲ್ಲ ಸಪ್ಪೆಯಾಯಿತು.

"ಮಿಣುಕಿ, ಈ ನೀರು ನಮಗಾಗದು. ಉಪ್ಪು ಬರುವವರೆಗೆ ಮಲಗುತ್ತೇವೆ" ಎಂದಿತು ಚುಕ್ಕಿಬಳಗ. ನೋಡುನೋಡುತ್ತಲೇ ಹಾಸು ಕುಗ್ಗಿತು. ಬಣ್ಣ ಹೋಯಿತು. ಬಾಯಿಗಳು ಕರಗಿಹೋದವು. ಬಂಡೆಯ ಮೇಲೆ ಕಂದು ಕಲೆಯಷ್ಟೇ ಉಳಿಯಿತು.

ಪಕ್ಕದ ಬಿಲದಲ್ಲಿದ್ದ ಕತ್ರಿರಾಯ ಎಂಬ ಏಡಿಗೆ ಆ ಪೊಟರೆಯ ಮೇಲೆ ಬಹಳ ದಿನದಿಂದ ಕಣ್ಣಿತ್ತು. ಅವನು ಶಂಖಗಳನ್ನೂ ಕಪ್ಪೆಚಿಪ್ಪುಗಳನ್ನೂ ಹಾವುಮೀನು ನುಣುಪಯ್ಯನನ್ನೂ ಕರೆದು ನಿಲ್ಲಿಸಿದ.

"ಅಯ್ಯೋ, ಪಾಪ! ಚುಕ್ಕಿಬಳಗ ತೀರಿಹೋಯಿತು. ಅಲುಗದವರು ಸತ್ತವರು. ಸತ್ತವರಿಗೆ ಮನೆ ಯಾಕೆ? ನಾನು ಪೊಟರೆ ಕೆರೆದು ಸ್ವಚ್ಛಮಾಡುತ್ತೇನೆ. ನಿಮಗೆಲ್ಲ ಒಂದೊಂದು ಮೂಲೆ ಕೊಡುತ್ತೇನೆ" ಎಂದ.

ಮಿಣುಕಿಗೆ ಮೈಯೆಲ್ಲ ಉರಿದುಹೋಯಿತು. "ಯಾರು ಸತ್ತದ್ದು? ಮಲಗುತ್ತೇವೆ ಎಂದು ನನಗೆ ಹೇಳಿಯೇ ಮಲಗಿದ್ದಾರೆ!"

"ಬಾಯಿಲ್ಲ, ಬಣ್ಣವಿಲ್ಲ. ಇದು ಯಾವ ಸೀಮೆಯ ನಿದ್ದೆ?" ಎಂದು ಕತ್ರಿರಾಯ ನಕ್ಕ.

"ನಿನಗೆ ಗೊತ್ತಿಲ್ಲದಿದ್ದರೆ ಸುಳ್ಳಾಗಿಬಿಡುತ್ತದೇನು? ಶಂಖಣ್ಣ, ನೀವಾದರೂ ಹೇಳಿ!"

ಶಂಖಗಳು ಚಿಪ್ಪಿನೊಳಗೆ ಸರಿದವು. ಕಪ್ಪೆಚಿಪ್ಪುಗಳು ಬಾಯಿ ಮುಚ್ಚಿಕೊಂಡವು. ಮೂಲೆಯ ಆಸೆ ಎಲ್ಲರ ನಾಲಿಗೆಯನ್ನೂ ಕಟ್ಟಿಹಾಕಿತ್ತು.

ಕತ್ರಿರಾಯ ಪರಪರ ಕೆರೆಯತೊಡಗಿದ. ಮಿಣುಕಿ ಅಡ್ಡ ಹೋದಳು. ಅವನು ಇಕ್ಕಳದಂಥ ಕೊಂಬು ಬೀಸಿದ. ಅವಳ ಮೀಸೆಯೊಂದು ತುಂಡಾಯಿತು. ಆದರೂ ಅವಳು ಒಳಗಿನ ಸಣ್ಣ ಬಿರುಕಿಗೆ ಬೆನ್ನು ಕೊಟ್ಟು ನಿಂತಳು, ಜಗ್ಗಲಿಲ್ಲ. ಅಷ್ಟು ಕಿರಿದಾದ ಜಾಗಕ್ಕೆ ಏಡಿಯ ಕೊಂಬು ತೂರಲಿಲ್ಲ. ಬಿರುಕಿನಲ್ಲಿದ್ದ ಕಲೆಯಷ್ಟೇ ಉಳಿಯಿತು.

ಪೊಟರೆ ಸೇರಿದ ಕತ್ರಿರಾಯ ತಿಂದು ಕೊಬ್ಬಿದ. ಹಳೆಯ ಚಿಪ್ಪು ಬಿಗಿಯಾಯಿತು. ಏಡಿಗಳ ರೂಢಿಯಂತೆ ಅದನ್ನು ಕಳಚಿ, ಹೊಸದು ಗಟ್ಟಿಯಾಗುವವರೆಗೆ ಮೆತ್ತಗೆ, ಅಲುಗದೆ ಬಿದ್ದುಕೊಂಡ.

ಕೊಡುತ್ತೇನೆಂದಿದ್ದ ಮೂಲೆ ಸಿಗದೆ ಸಿಟ್ಟಾಗಿದ್ದ ನುಣುಪಯ್ಯ ಇಣುಕಿದ. "ಓಹೋ, ಅಲುಗುತ್ತಿಲ್ಲ! ಅಂದರೆ ಸತ್ತಿದ್ದಾನೆ" ಎಂದು ಅವನ ದೊಡ್ಡ ಕೊಂಬಿಗೆ ಬಾಯಿ ಹಾಕಿದ.

"ಸತ್ತಿಲ್ಲ... ಚಿಪ್ಪು ಕಳಚಿದ್ದೇನೆ..." ಕತ್ರಿರಾಯ ನರಳಿದ.

"ನಿಯಮ ನಿನ್ನದೇ ಅಲ್ಲವೇ?"

"ಬಿಡು ಅವನನ್ನು!" ಮಿಣುಕಿ ಚೀರುತ್ತ ಹಾವುಮೀನಿನ ಕಣ್ಣಿಗೇ ಹಾರಿದಳು. "ಅಂದೂ ಅದು ಅನ್ಯಾಯ, ಇಂದೂ ಅನ್ಯಾಯ!"

ನುಣುಪಯ್ಯ ಹಿಂದೆ ಸರಿದ. ಆದರೆ ಕೊಂಬು ಅವನ ಬಾಯಲ್ಲೇ ಉಳಿಯಿತು. ಒಂಟಿಕೊಂಬಿನ ಕತ್ರಿರಾಯ ಅವಳ ಮುಖ ನೋಡಲಾರದೆ, ತೆವಳಿಕೊಂಡು ಕೆಸರಿನ ಕಡೆಗೆ ಹೊರಟುಹೋದ.

ಮಳೆ ನಿಂತಿತು. ಕಡಲಿನ ಉಪ್ಪು ಮರಳಿತು. ಬಿರುಕಿನ ಕಲೆಯಲ್ಲಿ ಮೊದಲು ಒಂದು ಕಿತ್ತಳೆ ಚುಕ್ಕಿ ಮೂಡಿತು. ಪಕ್ಕದಲ್ಲಿ ಇನ್ನೊಂದು. ಪುಟ್ಟ ಬಾಯಿಗಳು ತೆರೆದವು.

"ಮಿಣುಕಿ, ನಮ್ಮವರು ಇಷ್ಟೇ ಇದ್ದಾರಲ್ಲ, ಉಳಿದವರೆಲ್ಲಿ?" ಎಂದಿತು ಬಳಗ.

ಮಿಣುಕಿ ಕೆರೆದು ಬರಿದಾದ ಬಂಡೆಯನ್ನು ತೋರಿಸಿದಳು. ಅಷ್ಟರಲ್ಲಿ ಶಂಖಗಳೂ ಕಪ್ಪೆಚಿಪ್ಪುಗಳೂ ನಗುನಗುತ್ತ ಬಂದವು. "ಎದ್ದಿರಾ? ನಮಗೆ ಮೊದಲೇ ಗೊತ್ತಿತ್ತು, ನೀವು ಮಲಗಿದ್ದಿರಿ ಅಂತ!"

ಮಿಣುಕಿ ಅವರತ್ತ ತಿರುಗಿದಳು. "ಗೊತ್ತಿತ್ತೇ? ಹಾಗಾದರೆ ಉಳಿದವರು ಎಲ್ಲಿ ಅಂತ ನೀವೇ ಹೇಳಿ."



ನೀತಿ: ಸುಮ್ಮನಿರುವವರನ್ನು ಇಲ್ಲದವರೆಂದು ಸಾರಿ ಅವರ ನೆಲೆ ಕಸಿಯುವುದು ಅನ್ಯಾಯ, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದು ಆ ಅನ್ಯಾಯದಲ್ಲಿ ಪಾಲು ಪಡೆದಂತೆ.