ಎತ್ತಿದ ಕತ್ತಿಯ ಒಗಟು

"ಕೇಳ್ರಪ್ಪೋ ಕೇಳಿ! ಗೆದ್ದುಕೊಂಡ ನೇಸರಗಡದ ಸೆರೆಯಾಳುಗಳ ತಲೆ ಅಮಾವಾಸ್ಯೆಗೆ ಉರುಳುತ್ತದೆ. ಬೇಡವೆನ್ನುವವರು ಮಹಾರಾಜರ ಮೂರು ಒಗಟು ಬಿಡಿಸಲಿ. ಬಿಡಿಸಿದವನಿಗೆ ಸೆರೆಯಾಳುಗಳನ್ನು ಒಪ್ಪಿಸಲಾಗುವುದು. ತಪ್ಪಿದವನ ತಲೆಯೂ ಹೋಗುವುದು!"

ಕಲಿಮಲ್ಲ ರಾಜನ ಡಂಗುರ ಹೀಗಿತ್ತು. ಸೆರೆಯಾಳುಗಳ ಪ್ರಾಣ ಬೇಡಲು ನೆರೆರಾಜ್ಯಗಳ ರಾಯಭಾರಿಗಳು ಬಂದಿದ್ದರು ನಿಜ. ರಾಜ ಒಮ್ಮೆ ಗದರಿಸಿದ್ದೇ ತಡ, ಬಾಯಿ ಮುಚ್ಚಿ ಕೂತರು. ಊರು ಸುಟ್ಟರೂ ಹನುಮಂತರಾಯ ಹೊರಗೆ ಎನ್ನುವುದು ಇಂಥವರಿಗೇ.

ರಾಜನ ಮೊದಲ ಒಗಟು ಇದು: "ನನ್ನ ದಂಡಿಗಿಂತ ಮುಂಚೆ ಪರರಾಜ್ಯದೊಳಗೆ ಹೋಗುವುದು ಯಾವುದು? ಯಾವ ಕಾವಲುಗಾರನ ಕೈಗೂ ಅದು ಸಿಗದು."

ಪಂಡಿತನೊಬ್ಬ ಗಾಳಿ ಎಂದ. ಸಾಹುಕಾರನೊಬ್ಬ ಹಣ ಎಂದ. ಇಬ್ಬರ ತಲೆಗಳೂ ಕೋಟೆ ಬಾಗಿಲ ಮೇಲೆ ಏರಿದವು.

ಆಮೇಲೆ ಬಂದವನು ಕಂಬಳಿ ನೇಯುವ ಮಾಳಿಂಗ. ಅವನ ತಂಗಿ ಲಗುಮವ್ವನನ್ನು ನೇಸರಗಡಕ್ಕೆ ಮದುವೆ ಮಾಡಿ ಕೊಟ್ಟಿತ್ತು. ಅವಳೂ ಈಗ ಸೆರೆಯಲ್ಲಿದ್ದಳು.

"ಸುದ್ದಿರೀ, ಮಹಾರಾಜರ. ನೀವು ಇಲ್ಲಿ ಮಾಡಿದ್ದು ನಿಮಗಿಂತ ಮೊದಲ ಅಲ್ಲಿ ಮುಟ್ಟತೈತಿ. ಆಮ್ಯಾಲೆ ಯಾವ ಊರೂ ತಾನಾಗೇ ಬಾಗಲಾ ತಗಿಯೂದಿಲ್ಲ."

ರಾಜನ ಹುಬ್ಬು ಗಂಟಿಕ್ಕಿತು. "ಗೆದ್ದ ಊರನ್ನೆಲ್ಲ ಸೂರೆ ಮಾಡಿದೆ. ಆದರೂ ನನ್ನ ಕೈಗೆ ಸಿಗದೆ ಉಳಿದದ್ದು ಯಾವುದು?"

"ನಂಬಿಗಿರೀ. ಅದನ್ನ ಸೋತವರು ಕೊಡಬೇಕು. ಕಸಗೊಳ್ಳಾಕ ಬರೂದಿಲ್ಲ."

ರಾಜ ಕತ್ತಿ ಹಿರಿದು ಸಿಂಹಾಸನದಿಂದ ಇಳಿದು ಬಂದ. "ದಂಡಿಲ್ಲದೆ, ಆಯುಧವಿಲ್ಲದೆ ಈ ಕೈಯನ್ನು ತಡೆಯಬಲ್ಲವರು ಯಾರು?"

"ನೋಡೂ ಮಂದಿ."

"ತಪ್ಪು! ಯಾರೂ ಇಲ್ಲ!" ಕತ್ತಿ ಮೇಲೆದ್ದಿತು.

"ಹಂಗಾರ ಹೊಡೀರಿ." ಮಾಳಿಂಗ ರಾಯಭಾರಿಗಳತ್ತ ತಿರುಗಿ ಕೈಮುಗಿದ. "ಯಪ್ಪಾ, ಕಣ್ಣ ಮುಚ್ಚಬ್ಯಾಡ್ರಿ. ನೋಡಿದ್ದನ್ನ ನಿಮ್ಮ ನಿಮ್ಮ ರಾಜರಿಗೆ ಹೇಳ್ರಿ."

ಹಿರಿಯ ರಾಯಭಾರಿಯೊಬ್ಬರು ಎದ್ದು ನಿಂತರು, ನಾಚಿಕೆಯಿಂದಲೇ ಇರಬೇಕು. ಉಳಿದವರೂ ಎದ್ದರು. ಎಲ್ಲರೂ ರಾಜನ ಕೈಯನ್ನೇ ನೋಡಿದರು. ಒಗಟು ಬಿಡಿಸಿದವನನ್ನೇ ಕಡಿದ ವಚನಭ್ರಷ್ಟನ ಜೊತೆ ನಾಳೆ ಯಾವ ರಾಜ ಒಪ್ಪಂದಕ್ಕೆ ಕೂತಾನು? ಎತ್ತಿದ ಕತ್ತಿ ಅಲ್ಲೇ ನಿಂತಿತು. ಉತ್ತರ ಸರಿಯೆಂದು ಆ ಕೈಯೇ ಒಪ್ಪಿಕೊಂಡಿತು.

"ಸೆರೆಯಾಳುಗಳು ನಿನ್ನವರು," ರಾಜ ಹಲ್ಲು ಕಚ್ಚಿ ಹೇಳಿದ. "ಬಂಗಾರವನ್ನೂ ತಗೋ."

"ಬಂಗಾರ ಬ್ಯಾಡ್ರಿ." ಮಾಳಿಂಗ ಹಿರಿಯ ರಾಯಭಾರಿಯ ಹತ್ತಿರ ಹೋಗಿ ದನಿ ತಗ್ಗಿಸಿದ. "ನಾವು ಹೊಳಿ ದಾಟೂತನಕ ಇಲ್ಲೇ ಕುಂದರ್ರಿ. ನೀವು ಎದ್ದು ಹ್ವಾದ್ರ ನನ್ನ ಉತ್ತರ ತಪ್ಪಾಗತೈತಿ."

ಅವರು ಆಗಲೆಂದು ತಲೆಯಾಡಿಸಿದರು. ಕಾವಲಿನವರು ಸೆರೆಯಾಳುಗಳನ್ನು ಅಂಗಳಕ್ಕೆ ತಂದು ಬಿಟ್ಟರು. ಅಲ್ಲಿ ರಾಯಭಾರಿಗಳ ಆಳುಗಳು ಊರಿಗೆ ಹೊರಡಲು ಕುದುರೆಗಳಿಗೆ ಆಗಲೇ ಜೀನು ಬಿಗಿಯುತ್ತಿದ್ದರು. ಅದನ್ನು ಕಂಡ ಮಾಳಿಂಗ ತಂಗಿಯ ಕೈ ಹಿಡಿದು, "ಓಡ್ರಿ!" ಎಂದು ಎಲ್ಲರಿಗೂ ಕೂಗಿದ.