ಸೀಬಕ್ಕ ನಲವತ್ತು ಮರಿ ನೋಡಿದ್ದು

ಯಾವ ಕಾಲ ಅಂತ ಕೇಳಬೇಡಿ, ಅದು ನಮ್ಮಜ್ಜಿಯ ಅಜ್ಜಿಗೂ ಗೊತ್ತಿರಲಿಲ್ಲ. ಬಹಳ ಹಿಂದೆ, ಬಿಕ್ಕೆಗುಡ್ಡದ ಈಚೆಗೆ ಒಂದು ಊರು. ಆ ಊರಲ್ಲಿ ಸೀಬಕ್ಕ ಅಂತ ಒಬ್ಬ ಹೆಂಗಸು ಇದ್ದಳಂತೆ. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ಅವಳು ಒಂದು ಕಡೆ ಕೂತಿದ್ದನ್ನು ನೋಡಿದವರೇ ಇಲ್ಲ ಅಂತಾರೆ. ಬೆಳಗಾದರೆ ಒಂದೂರು, ಬಿಸಿಲೇರಿದರೆ ಇನ್ನೊಂದೂರು. ಉಣ್ಣೋದೂ ನಿಂತುಕೊಂಡೇ.

ಅವಳಿಗಿದ್ದದ್ದು ಒಂದೇ ವಿದ್ಯೆ. ಕೋಳಿಮರಿ ಮೊಟ್ಟೆಯೊಡೆದು ಬಂದ ದಿನವೇ ಅದು ಹ್ಯಾಟೆಯೋ ಹುಂಜವೋ ಹೇಳಿಬಿಡೋಳು. ನಾವಾದರೆ ಎರಡು ತಿಂಗಳು ಕಾಯಬೇಕು, ಜುಟ್ಟು ಕೆಂಪಗಾಗಬೇಕು, ಬಾಲ ಬಾಗಬೇಕು. ಅವಳು ಮರಿಯನ್ನು ಅಂಗೈಮೇಲೆ ಅಂಗಾತ ಮಲಗಿಸಿ, ಬಾಲದ ಬುಡದಲ್ಲಿ ಹೆಬ್ಬೆರಳಿಂದ ಮೆಲ್ಲಗೆ ಒತ್ತೋಳು. ಅರ್ಧ ಸಾಸಿವೆಯಷ್ಟು ಗಂಟು ಕಂಡರೆ ಹುಂಜ, ಕಾಣದಿದ್ದರೆ ಹ್ಯಾಟೆ. ಹೇಳೋಕೆ ಇಷ್ಟೇ. ನೀವು ಒತ್ತಿ ನೋಡಿದರೆ ಏನೂ ಕಾಣಲ್ಲ, ಮರಿ ಮಾತ್ರ ಕಿರುಚುತ್ತೆ. ಹ್ಯಾಟೆಯನ್ನು ಜನ ಮೊಟ್ಟೆಗೆ ಉಳಿಸಿಕೊಳ್ಳೋರು, ಹುಂಜವನ್ನು ಹರಕೆಗೆ ಬಿಡೋರು. ಅವರು ಕೊಟ್ಟಷ್ಟು ರಾಗಿಯನ್ನು ಸೆರಗಿಗೆ ಕಟ್ಟಿಕೊಂಡು ಅವಳು ಮುಂದಿನ ಮನೆಗೆ ಹೊರಟುಬಿಡೋಳು.

ಮಾತು ಬೆಳೀತು ನೋಡಿ. ಸೀಬಕ್ಕ ಮೊಟ್ಟೆ ನೋಡಿಯೇ ಹೇಳ್ತಾಳಂತೆ ಅಂದರು. ಎಮ್ಮೆಯ ಹೊಟ್ಟೆ ಮುಟ್ಟಿದರೆ ಸಾಕಂತೆ ಅಂದರು. ಆಮೇಲೆ, ಬಸುರಿಯರು ಎದುರಿಗೆ ಬಂದರೆ ಒಳಗಿರೋದು ಗಂಡೋ ಹೆಣ್ಣೋ ಅವಳಿಗೆ ತಿಳಿಯುತ್ತಂತೆ ಅಂದರು. ಅವಳು ಇಲ್ಲ ಇಲ್ಲ ಅಂದಷ್ಟೂ ಜನ ಹೌದು ಹೌದು ಅಂದರು.

ಆ ಊರಿಗೆ ಹಲಗೇಗೌಡ ಯಜಮಾನ. ಅವನ ಸೊಸೆ ನಿಂಗಾಜಿ ಎರಡು ಹೆಣ್ಣು ಹೆತ್ತು ಮೂರನೇದಕ್ಕೆ ನಾಲ್ಕು ತಿಂಗಳ ಬಸುರಿ. ಇದೂ ಹೆಣ್ಣಾದರೆ ಅವಳನ್ನು ತವರಿಗೆ ಕಳಿಸಿ ಮಗನಿಗೆ ಬೇರೆ ಹೆಣ್ಣು ತರ್ತೀನಿ ಅಂತ ಗೌಡ ಕಟ್ಟೆಮೇಲೆ ಕೂತು ಹೇಳಿದ್ದನಂತೆ. ಹೆರಿಗೆಯವರೆಗೆ ಕಾಯೋ ತಾಳ್ಮೆ ಅವನಿಗಿರಲಿಲ್ಲ. ಸೀಬಕ್ಕನನ್ನು ಕರೆಸಿದ.

“ಗೌಡ್ರೆ, ನಂಗೆ ಗೊತ್ತಿರೋದು ಕೋಳಿಮರಿ. ಮನುಷ್ಯರ ಹೊಟ್ಟೆ ನಂಗೊತ್ತಿಲ್ಲ” ಅಂದಳು ಸೀಬಕ್ಕ.

“ಗೊತ್ತಿಲ್ಲ ಅಂದ್ರೆ ಹೆಣ್ಣು ಅಂತ. ಹೇಳೋಕೆ ಹೆದರ್ತಿದೀಯ” ಅಂದ ಗೌಡ.

ಸೀಬಕ್ಕ ಬಾಗಿಲ ಕಡೆ ನೋಡಿದಳು. ನಿಂಗಾಜಿ ಒಂದು ಮಗುವನ್ನು ಸೊಂಟದಲ್ಲಿಟ್ಟುಕೊಂಡು, ಇನ್ನೊಂದರ ಕೈ ಹಿಡಿದು ನಿಂತಿದ್ದಳು. ಗಂಡು ಅಂದರೆ ಐದು ತಿಂಗಳ ನೆಮ್ಮದಿ, ಆಮೇಲೆ ಏನೋ. ಹೆಣ್ಣು ಅಂದರೆ ಇವತ್ತೇ ಗಾಡಿ ಕಟ್ಟುತ್ತಾರೆ. ಸುಮ್ಮನಿದ್ದರೂ ಅದೇ. ಸೀಬಕ್ಕ ಸೆರಗಿನ ಅಂಚು ಹಿಂಡುತ್ತಾ, ಮೊದಲು ನನ್ನನ್ನು ಪರೀಕ್ಷೆ ಮಾಡಿ ಗೌಡ್ರೆ, ನಾಕು ಜನರ ಎದುರಿಗೇ ಮಾಡಿ ಅಂದಳಂತೆ.

ಗೌಡನಿಗೆ ಅದೂ ಸರಿ ಅನ್ನಿಸಿತು. ಅವನ ಹಿತ್ತಲಲ್ಲಿ ನಾಲ್ಕು ಕೋಳಿ ಕಾವಿಗೆ ಕೂತಿದ್ದವು. ಮರಿಗಳೆಲ್ಲ ಹೊರಗೆ ಬಂದ ದಿನ ಊರೇ ಸೇರಿತು. ಮಂಕರಿಯಲ್ಲಿ ನಲವತ್ತು ಮರಿ. ಸೀಬಕ್ಕ ಒಂದೊಂದನ್ನೇ ಎತ್ತಿ, ಒತ್ತಿ ನೋಡಿ, ಹ್ಯಾಟೆ ಅಂದದ್ದಕ್ಕೆ ಕೆಂಪು ದಾರ, ಹುಂಜ ಅಂದದ್ದಕ್ಕೆ ಕರಿ ದಾರ ನಿಂಗಾಜಿ ಕೈಲಿ ಕಾಲಿಗೆ ಕಟ್ಟಿಸಿದಳು.

ಮರಿ ಬಲಿಯುವವರೆಗೆ ಊರು ಬಿಟ್ಟು ಹೋಗಬಾರದು ಅಂತ ಗೌಡ ಕಟ್ಟುಮಾಡಿದ. ಒಂದು ಕಡೆ ನಿಲ್ಲದ ಜೀವ, ಎಲ್ಲಿಗೆ ಹೋದೀತು? ಊರ ಸುತ್ತ ತಿರುಗಿದಳು. ಬೇಲಿ ಪಕ್ಕ ಹೋಗಿ ಕಣದಿಂದ ಬಂದಳು, ಕಣದಿಂದ ಹೋಗಿ ಬೇಲಿ ಪಕ್ಕ ಬಂದಳು. ಅವಳು ನಡೆದ ಕಡೆ ಹುಲ್ಲು ಸತ್ತು ದಾರಿ ಬಿತ್ತಂತೆ. ದಿನಕ್ಕೆ ಹತ್ತು ಸಲ ಗೌಡನ ಹಿತ್ತಲಿಗೆ ಇಣುಕೋಳು. ಅಲ್ಲಿ ನಿಂಗಾಜಿ ಮರಿಗಳಿಗೆ ನುಚ್ಚು ಹಾಕುತ್ತಾ, ಕಾಲು ದಪ್ಪವಾದಂತೆ ದಾರ ಬಿಚ್ಚಿ ಸಡಿಲವಾಗಿ ಕಟ್ಟುತ್ತಾ ಇರೋಳು. ಅವಳ ಹೊಟ್ಟೆಯೂ ಮುಂದಕ್ಕೆ ಬರುತ್ತಿತ್ತು.

ಎರಡು ತಿಂಗಳಾಯಿತು, ಇನ್ನೊಂದೂ ಕಳೀತು. ಒಂದು ಬೆಳಗ್ಗೆ ಕೆಂಪು ದಾರದ ಹ್ಯಾಟೆ ತಿಪ್ಪೆ ಹತ್ತಿ ಕತ್ತು ನೀಡಿ ಕೂಗಿಬಿಡ್ತು! ಅದರ ಹಿಂದೆ ಇನ್ನೊಂದು. ಕರಿ ದಾರದವು ಜುಟ್ಟಿಲ್ಲದೆ ತಿಪ್ಪೆ ಕೆದರಿಕೊಂಡಿದ್ದವು. ಜನ ಓಡಿಬಂದು ನೋಡಿದರು, ಬಿದ್ದು ಬಿದ್ದು ನಕ್ಕರು. ಮೊದಲು ಸೀಬಕ್ಕನನ್ನು ನೋಡಿ ನಕ್ಕರು. ಆಮೇಲೆ ಯಾರೋ ಅಂದರಂತೆ, ಹುಂಜ ಯಾವುದು ಹ್ಯಾಟೆ ಯಾವುದು ತಿಳಿಯದೋಳ ಮಾತು ಕೇಳಿ ನಮ್ಮ ಗೌಡ್ರು ಸೊಸೇನ ಓಡಿಸೋಕೆ ಹೊರಟಿದ್ರಲ್ಲ ಅಂತ. ಆ ನಗು ಕಟ್ಟೆಗೆ ಬಂತು, ಬಾವಿಕಟ್ಟೆಗೆ ಹೋಯಿತು, ಸಂತೆಗೂ ಹೋಯಿತು. ಗೌಡ ಮೂರು ದಿನ ಮನೆಯಿಂದ ಹೊರಗೆ ಬರಲಿಲ್ಲ. ಅವತ್ತಿಂದ ಸೊಸೆಯ ಹೊಟ್ಟೆಯ ವಿಚಾರ ಅವನ ಬಾಯಲ್ಲಿ ಬರಲಿಲ್ಲ ಅಂತಾರೆ.

ಸೀಬಕ್ಕನ ಅನ್ನ ಮಾತ್ರ ಹೋಯಿತು. ಸುಳ್ಳಿ ಅಂದರು, ಕಳ್ಳಿ ಅಂದರು. ಒಂದು ಮನೆಯೂ ಮರಿ ತೋರಿಸಲಿಲ್ಲ. ಅವಳು ಗಂಟು ಕಟ್ಟಿಕೊಂಡು ಗುಡ್ಡದ ದಾರಿ ಹಿಡಿದಳು. ಗುಡ್ಡದ ಬುಡದಲ್ಲಿ ನಿಂಗಾಜಿ ಏದುಸಿರು ಬಿಡುತ್ತಾ ಬಂದು ಕೈ ಹಿಡಿದಳಂತೆ.

“ಅಕ್ಕಾ, ದಾರ ಕಟ್ಟಿದೋಳು ನಾನು. ಕಣ್ಣು ಮುಚ್ಚಿ ಹೇಳಿದ್ರೂ ನಲವತ್ತರಲ್ಲಿ ಅರ್ಧ ಸರಿಹೋಗ್ತಿತ್ತು. ಒಂದಾದ್ರೂ ಸರಿಯಿಲ್ವಲ್ಲ?”

ಸೀಬಕ್ಕ ಸುತ್ತ ನೋಡಿದಳು. “ಒಂದೆರಡು ಸರಿಯಾಗೇ ಹೇಳೋಣ ಅಂತಿದ್ದೆ ಕಣವ್ವ. ಒಂದು ಸರಿಹೋದ್ರೂ ಗೌಡ್ರು ನನ್ನ ಮಾತು ನಂಬಿಬಿಟ್ಟಾರು ಅಂತ ಧೈರ್ಯ ಸಾಲಲಿಲ್ಲ. ಯಾರಿಗೂ ಹೇಳಬೇಡ, ಬಿಸಿಲಾಗ್ತಿದೆ, ಮನೆಗೆ ಹೋಗು” ಅಂದು ಕೈ ಬಿಡಿಸಿಕೊಂಡು ನಡೆದಳು. ಅವಳು ಎಲ್ಲಿ ಸತ್ತಳು ಯಾರಿಗೂ ಗೊತ್ತಿಲ್ಲ. ಆಚೆ ಸೀಮೆಯಲ್ಲಿ ನೋಡಿದೆವು ಅಂದವರಿದ್ದಾರೆ, ಆಗಲೂ ನಡೀತಾನೇ ಇದ್ದಳಂತೆ.

ನಿಂಗಾಜಿ ಆ ಮನೆಯಲ್ಲೇ ಬಾಳಿ, ಮುದುಕಿಯಾಗಿ, ಸಾಯೋ ಹೊತ್ತಿಗೆ ಈ ಮಾತು ಹೇಳಿದಳು. ಮೂರನೇದು ಏನಾಯ್ತು ಅಂತ ಕೇಳ್ತೀರಾ? ನಾನೂ ಕೇಳಿದ್ದೆ. ಮಗು ಆಯ್ತು ಅಂದಳು ನಮ್ಮಜ್ಜಿ, ಅಷ್ಟೇ.

ಈಗಲೂ ನಮ್ಮ ಕಡೆ ಬಸುರಿಯರು ತವರಿಗೆ ಹೊರಟರೆ ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸ್ತಾರೆ. ಇಳಿದು ಸೀಬಕ್ಕನ ಹೆಸರಲ್ಲಿ ಒಂದು ಹಿಡಿ ಅಕ್ಕಿ ಚೆಲ್ತಾರೆ. ತಿನ್ನೋಕೆ ಬಂದ ಹಕ್ಕಿ ಗಂಡೋ ಹೆಣ್ಣೋ ಅಂತ ನೋಡೋ ಹಾಗಿಲ್ಲ, ಅಲ್ಲಿ ಕೂರೋ ಹಾಗೂ ಇಲ್ಲ. ಚೆಲ್ಲಿ, ಹೊರಟುಬಿಡಬೇಕು.