ಬಾಯಿ ಮುಚ್ಚಿ ಕುಟ್ಟುವ ಕಟ್ಟಳೆ

ಹತ್ತಿರ ಬನ್ನಿ ಮಕ್ಕಳೇ, ಹೀಗೆ ಸುತ್ತ ಕೂತ್ಕೊಳ್ಳಿ. ಹಿರೇಕೋಟೆ ಅಂತ ಒಂದು ರಾಜ್ಯ. ಅದಕ್ಕೊಬ್ಬಳು ರಾಣಿ. ಅವಳ ಅರಮನೆಯ ಹಿತ್ತಲಲ್ಲಿ ಭತ್ತ ಕುಟ್ಟುವ ಮನೆಯೊಂದಿತ್ತು. ಅಲ್ಲಿ ಒಂದೇ ಒರಳು, ಮೂರು ಒನಕೆ, ಮೂವರು ಹೆಂಗಸರು. ಬಯಲುಸೀಮೆಯ ಬಯ್ಯಮ್ಮ, ಕೋಟೆಕೇರಿಯ ಮೀರಾಂಬಿ, ಹೊಳೆಯಾಚೆ ಕಾಡಿನಿಂದ ಬಂದ ಚೌಡಿ.

ಒಂದೇ ಒರಳಿಗೆ ಮೂರು ಒನಕೆ ಬೀಳಬೇಕಾದರೆ ಹಾಡು ಬೇಕೇ ಬೇಕು. ಹಾಡಿನ ಲಯಕ್ಕೆ ಒಂದು ಏಳುತ್ತೆ, ಒಂದು ಬೀಳುತ್ತೆ, ಒಂದು ಕಾಯುತ್ತೆ. ಲಯ ತಪ್ಪಿತೋ, ಒನಕೆಗೆ ಒನಕೆ ಬಡಿದು ಅಕ್ಕಿಯೆಲ್ಲ ನುಚ್ಚು! ಅದಕ್ಕೇ ಮೂವರೂ ಸರದಿಯ ಮೇಲೆ ತಮ್ಮ ತಮ್ಮ ನುಡಿಯಲ್ಲಿ ಹಾಡುತ್ತಿದ್ದರು. ಒಬ್ಬಳ ಮಾತು ಇನ್ನೊಬ್ಬಳಿಗೆ ಅರ್ಥವಾಗದಿದ್ದರೂ ಕೈಗೆ ಅರ್ಥವಾಗುತ್ತಿತ್ತು.

ಅವರ ಮೇಲಿನವನು ಪಾರುಪತ್ಯಗಾರ ಪುಟ್ಟರಸ. ಚೌಡಿಯ ಜಾಗಕ್ಕೆ ತನ್ನ ಮೈದುನನ ಹೆಂಡತಿಯನ್ನು ತರುವ ಆಸೆ ಅವನಿಗೆ. ಒಂದು ಬೆಳಿಗ್ಗೆ ಬಂದು ಸಾರಿದ: “ಇನ್ನು ಮೇಲೆ ಬಾಯಿ ಮುಚ್ಚಿ ಕುಟ್ಟಬೇಕು. ಹಾಡಿದವರು ಮನೆಗೆ! ಎಲ್ಲರಿಗೂ ಒಂದೇ ಕಟ್ಟಳೆ.”

ಮೊದಲ ದಿನ ಒನಕೆಗಳು ಜಗಳಕ್ಕೆ ಬಿದ್ದವು. ತಡೆಯಲಾರದೆ ಬಯ್ಯಮ್ಮ ಹಾಡಿದಳು. “ದೇವರ ಹಾಡು, ಹೋಗಲಿ,” ಅಂದ ಪುಟ್ಟರಸ.

ಎರಡನೆಯ ದಿನ ಮೀರಾಂಬಿ ಹಾಡಿದಳು. ಅವಳ ಗಂಡ ಅರಮನೆಯ ಕಾವಲುಗಾರ. ಪುಟ್ಟರಸ ಕೇಳಿಸದವನಂತೆ ನಡೆದ.

ಮೂರನೆಯ ದಿನ ಚೌಡಿ ಹಾಡಿದಳು. “ಇದೆಂಥಾ ಕಾಡುಕೂಗೇ! ನಾಳೆಯಿಂದ ಇತ್ತ ಬರಬೇಡ!” ಅಂತ ಗದರಿದ ಪುಟ್ಟರಸ.

ಚೌಡಿಯ ಗಂಡ ಜೇನು ಕೀಳಲು ಹೋಗಿ ಮರದಿಂದ ಬಿದ್ದು ಹಾಸಿಗೆ ಹಿಡಿದಿದ್ದ. ಈ ಕೆಲಸ ಹೋದರೆ ಒಲೆ ಉರಿಯುವುದಿಲ್ಲ.

“ಅಳಬೇಡ ಕಣೇ,” ಅಂದಳು ಬಯ್ಯಮ್ಮ.

“ನಾನ್ಯಾಕಳಲಿ ಅಕ್ಕಾ? ತಪ್ಪು ನನ್ನದಾ?” ಅಂದವಳೇ ಚೌಡಿ ಸೆರಗು ಬಿಗಿದು ನೇರ ರಾಣಿಯ ಮುಂದೆ ನಿಂತಳು. ಉಳಿದಿಬ್ಬರೂ ಬೆನ್ನಿಗೆ ಬಂದರು.

“ತಾಯೀ, ಬಾಯಿ ಮುಚ್ಚಿ ಕುಟ್ಟಬೇಕಂತೆ. ನಮಗೆ ಬರ್ತಾ ಇಲ್ಲ. ಮೂವರೂ ಹಾಡಿದ್ವಿ, ನನ್ನೊಬ್ಬಳನ್ನೇ ಓಡಿಸಿದ್ರು. ಕಟ್ಟಳೆ ಮಾಡಿದ ಯಜಮಾನರು ಒಂದು ಸಲ ಕುಟ್ಟಿ ತೋರಿಸಲಿ, ಕಲೀತೀವಿ.”

ರಾಣಿ ನಕ್ಕು, ಎಲ್ಲರನ್ನೂ ಕರೆದುಕೊಂಡು ಹಿತ್ತಲಿಗೆ ಬಂದು, “ನ್ಯಾಯದ ಮಾತು. ಪುಟ್ಟರಸ, ಒನಕೆ ಹಿಡಿ,” ಅಂದಳು.

ಪುಟ್ಟರಸ ಪಂಚೆ ಎತ್ತಿ ಕಟ್ಟಿದ. ಆಚೆ ಬಯ್ಯಮ್ಮ, ಈಚೆ ಮೀರಾಂಬಿ, ಇಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಮೊದಲ ಏಟಿಗೆ ಒನಕೆಗಳು ಡಿಕ್ಕಿ ಹೊಡೆದವು. ಎರಡನೆಯ ಏಟಿಗೆ ಭತ್ತ ಅವನ ಮುಖಕ್ಕೆ ಸಿಡಿಯಿತು. ಮೂರನೆಯ ಏಟು ಕಾಲ್ಬೆರಳ ಮೇಲೆ!

“ಅಯ್ಯಯ್ಯೋ! ಯಾರಾದರೂ ಹಾಡ್ರೇ! ಚೌಡೀ, ನೀನಾದ್ರೂ ಹಾಡೇ ತಾಯೀ!”

ಹಿತ್ತಲೆಲ್ಲ ನಗು. ರಾಣಿ ಮಾತ್ರ ನಗಲಿಲ್ಲ. “ಮೂವರು ಹಾಡಿದರು, ಒಬ್ಬಳನ್ನೇ ಓಡಿಸಿದೆ. ಇದೇನಾ ನಿನ್ನ ಒಂದೇ ಕಟ್ಟಳೆ?”

ಪುಟ್ಟರಸನ ಪಾರುಪತ್ಯ ಹೋಯಿತು. “ಬೆರಳು ವಾಸಿಯಾಗಲಿ, ಆಮೇಲೆ ಬಂದು ಇವರ ಜೊತೆ ಕುಟ್ಟು,” ಅಂದಳು ರಾಣಿ. ಕುಟ್ಟುವ ಮನೆಯ ಉಸ್ತುವಾರಿಯನ್ನು ಚೌಡಿಗೇ ಕೊಟ್ಟಳು.

ಬೆರಳು ವಾಸಿಯಾಗಿ ಅವನು ಬಂದ ದಿನ, ಚೌಡಿ ಅವನ ಕೈಗೆ ಒನಕೆ ಕೊಟ್ಟು ಕೇಳಿದಳು: “ನಿಮ್ಮೂರ ಹಾಡು ಯಾವುದಣ್ಣ? ಇವತ್ತಿನ ಸರದಿ ನಿಮ್ಮದು.”

ಕೇಳಿದಿರಾ ಮಕ್ಕಳೇ? ಹತ್ತು ಕಡೆಯ ಜನ ಸೇರಿ ದುಡಿಯುವಲ್ಲಿ ಎಲ್ಲರ ದನಿಗೂ ಜಾಗ ಇರಬೇಕು. ಕಟ್ಟಳೆ ಮಾಡುವವನು ಮೊದಲು ತಾನೇ ಅದರಡಿ ದುಡಿದು ನೋಡಬೇಕು.